ದೊಡ್ಡ ಹಾರ್ಡ್ ಡಿಸ್ಕ್: ಕೊಳ್ಳುವ ಮೊದಲು, ಕೊಂಡ ಮೊದಲ ವಾರ

ಅಂಗಡಿಗೆ ಹೋಗಿ 8 ಟಿಬಿ ಹಾರ್ಡ್ ಡಿಸ್ಕ್ ಕೇಳಿದರೆ ಮೊದಲು ಬರುವ ಪ್ರಶ್ನೆ, "ಯಾವ ಕಂಪನಿದು ಬೇಕು ಸರ್?" ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಕೂತರೆ ಹೆಚ್ಚೇನೂ ದಕ್ಕುವುದಿಲ್ಲ. ಇವತ್ತು ಜಗತ್ತಿನಲ್ಲಿ ಹಾರ್ಡ್ ಡಿಸ್ಕ್ ತಯಾರಿಸುವವರು ಮೂವರೇ: ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಶಿಬಾ. ಸ್ಯಾಮ್‌ಸಂಗಿನ ಹಾರ್ಡ್ ಡಿಸ್ಕ್ ವಿಭಾಗ 2011ರಲ್ಲಿ ಸೀಗೇಟಿನ ಪಾಲಾಯಿತು, ಹಿಟಾಚಿಯದ್ದು 2012ರಲ್ಲಿ ವೆಸ್ಟರ್ನ್ ಡಿಜಿಟಲ್ ಪಾಲಾಯಿತು. ಈ ಮೂವರಲ್ಲಿ ಯಾರ ಹೆಸರು ಹಿಡಿದರೂ ವರ್ಷಗಟ್ಟಲೆ ದುಡಿದ ಡಿಸ್ಕ್‌ಗಳಿವೆ, ಆರೇ ತಿಂಗಳಿಗೆ ಕೈಕೊಟ್ಟ ಡಿಸ್ಕ್‌ಗಳೂ ಇವೆ. ವ್ಯತ್ಯಾಸ ಅಡಗಿರುವುದು ಮಾದರಿ ಸಂಖ್ಯೆಯಲ್ಲಿ. ಅದು ಬಿಟ್ಟರೆ, ತಂದ ಮೊದಲ ವಾರ ನೀವು ಮಾಡುವ ಪರೀಕ್ಷೆಯಲ್ಲಿ.

ಎಷ್ಟು ಟಿಬಿ ಬೇಕು

ಒಂದು ಮದುವೆ ಸ್ಟುಡಿಯೊದ ಲೆಕ್ಕ ಹಾಕೋಣ. ಕ್ಯಾಮೆರಾ 4ಕೆ ವಿಡಿಯೊವನ್ನು ಸೆಕೆಂಡಿಗೆ 100 ಮೆಗಾಬಿಟ್‌ನಂತೆ ಬರೆದರೆ ಗಂಟೆಗೆ 45 ಜಿಬಿ ಆಗುತ್ತದೆ. ಎರಡು ಕ್ಯಾಮೆರಾ ಸೇರಿ ಐದು ಗಂಟೆ ಫೂಟೇಜ್ ಬಂದರೆ 225 ಜಿಬಿ. ರಾ ಫೋಟೊ ಒಂದಕ್ಕೆ 30 ಎಂಬಿ ಹಿಡಿದರೆ ಮೂರು ಸಾವಿರ ಫೋಟೊಗೆ 90 ಜಿಬಿ. ಅಲ್ಲಿಗೆ ಒಂದು ಮದುವೆಗೆ 315 ಜಿಬಿ, ವರ್ಷಕ್ಕೆ 20 ಮದುವೆಯಾದರೆ 6.3 ಟಿಬಿ. ಇವರಿಗೆ 8 ಟಿಬಿ ಡಿಸ್ಕ್ ಒಂದು ವರ್ಷಕ್ಕೆ ಸರಿಹೋಗುತ್ತದೆ. ಮನೆಯ ಫೋಟೊ, ಮೊಬೈಲ್ ವಿಡಿಯೊ ಇಡುವವರಿಗೆ 4 ಟಿಬಿಯೇ ಬಹಳ ದಿನ ಬರುತ್ತದೆ.

8 ಟಿಬಿ ಡಿಸ್ಕನ್ನು ವಿಂಡೋಸ್ 7.27 ಟಿಬಿ ಎಂದು ತೋರಿಸಿದಾಗ ಮೋಸ ಹೋದೆವೆಂದು ಗಾಬರಿಯಾಗಬೇಡಿ. ಕಂಪನಿಯವರು 1 ಟಿಬಿ ಎಂದರೆ ಲಕ್ಷ ಕೋಟಿ ಬೈಟ್ ಎಂದು ಎಣಿಸುತ್ತಾರೆ, ವಿಂಡೋಸ್ ಪ್ರತಿ ಹಂತದಲ್ಲೂ 1024ರಿಂದ ಭಾಗಿಸುತ್ತದೆ. ಅದೇ ಲೆಕ್ಕದಲ್ಲಿ 4 ಟಿಬಿ 3.63 ಆಗಿ, 16 ಟಿಬಿ ಸುಮಾರು 14.5 ಆಗಿ ಕಾಣುತ್ತದೆ. ಅದರಲ್ಲೂ ನೂರಕ್ಕೆ ಹದಿನೈದು ಭಾಗ ಖಾಲಿ ಬಿಡಿ. ಡಿಸ್ಕಿನ ಹೊರಸುತ್ತಿನಲ್ಲಿ ಸೆಕೆಂಡಿಗೆ 250 ಎಂಬಿ ಓಡುವ ಡಿಸ್ಕ್ ಒಳಸುತ್ತಿಗೆ ಬರುವ ಹೊತ್ತಿಗೆ ಅದರ ಅರ್ಧಕ್ಕೆ ಇಳಿಯುತ್ತದೆ. ತುಂಬಿದ ಡಿಸ್ಕ್ ನಿಧಾನವಾಗುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ನಿಮ್ಮಲ್ಲಿರುವುದು 6 ಟಿಬಿ ಮಾಲು, ಕೈಯಲ್ಲಿರುವ ದುಡ್ಡಿಗೆ ಒಂದು 16 ಟಿಬಿ ಡಿಸ್ಕ್ ಬರುತ್ತದೆ ಎಂದಾದರೆ ಅದನ್ನು ಕೊಳ್ಳಬೇಡಿ. ಎರಡು 8 ಟಿಬಿ ಕೊಂಡು ಎರಡರಲ್ಲೂ ಅದೇ ಮಾಲನ್ನು ಇಡಿ. ಎಷ್ಟು ನಂಬಿಕಸ್ಥ ಮಾದರಿಯಾದರೂ ನಿಮ್ಮ ಕೈಗೆ ಬಂದ ಆ ಒಂದು ಡಿಸ್ಕ್ ನಾಳೆ ನಿಲ್ಲುವುದಿಲ್ಲವೆಂದು ಯಾರೂ ಬರೆದುಕೊಡಲಾರರು. ಎರಡನ್ನೂ ಒಂದೇ ದಿನ ಒಂದೇ ಪೆಟ್ಟಿಗೆಯಿಂದ ತೆಗೆದುಕೊಳ್ಳದಿರುವುದು ಇನ್ನೂ ಒಳ್ಳೆಯದು. ಒಂದೇ ಬ್ಯಾಚಿನವು ಒಂದೇ ದೋಷ ಹೊತ್ತು ಬಂದಿರಬಹುದು, ದಾರಿಯಲ್ಲಿ ಒಂದೇ ಪೆಟ್ಟು ತಿಂದಿರಬಹುದು.

ಹೆಂಚು ಹೊದಿಸಿದ ಡಿಸ್ಕ್

ಕೊಳ್ಳುವವರು ಹೆಚ್ಚಾಗಿ ಎಡವುವ ಜಾಗ ಇದು. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಹಾರ್ಡ್ ಡಿಸ್ಕಿನಲ್ಲಿ ಮಾಹಿತಿ ಕೂರುವುದು ವೃತ್ತಾಕಾರದ ಟ್ರ್ಯಾಕ್‌ಗಳಲ್ಲಿ. ಹಳೆಯ ಪದ್ಧತಿಯಲ್ಲಿ ಈ ಟ್ರ್ಯಾಕ್‌ಗಳು ಒಂದರ ಪಕ್ಕ ಒಂದು, ನಡುವೆ ಸಣ್ಣ ಅಂತರ ಬಿಟ್ಟು ಇರುತ್ತವೆ. ಇದಕ್ಕೆ ಸಿಎಂಆರ್ ಎನ್ನುತ್ತಾರೆ. ಅದೇ ಜಾಗದಲ್ಲಿ ಹೆಚ್ಚು ತುಂಬಲು ಹುಡುಕಿದ ದಾರಿ ಎಸ್‌ಎಂಆರ್. ಇಲ್ಲಿ ಟ್ರ್ಯಾಕ್‌ಗಳು ಮಂಗಳೂರು ಹೆಂಚಿನಂತೆ ಒಂದರ ಅಂಚಿನ ಮೇಲೆ ಇನ್ನೊಂದು ಹತ್ತಿ ಕೂತಿರುತ್ತವೆ. ಮಾಡಿನ ನಡುವಿನ ಒಂದು ಹೆಂಚು ಬದಲಿಸಬೇಕಾದರೆ ಅದರ ಮೇಲೇರಿದ ಹೆಂಚುಗಳನ್ನೂ ಎತ್ತಿ ಮತ್ತೆ ಕೂರಿಸಬೇಕಲ್ಲವೇ? ಎಸ್‌ಎಂಆರ್ ಡಿಸ್ಕಿನ ಪಾಡೂ ಅದೇ. ಒಂದು ಕಡೆ ತಿದ್ದಬೇಕಾದರೆ ಆ ಇಡೀ ಪಟ್ಟಿಯನ್ನು ಓದಿ, ತಿದ್ದಿ, ಮತ್ತೆ ಬರೆಯಬೇಕು.

ಮೊದಲ ಕೆಲವು ಹತ್ತು ಜಿಬಿ ಕಾಪಿ ಮಾಡುವಾಗ ಇದು ಗೊತ್ತೇ ಆಗುವುದಿಲ್ಲ. ಬಂದದ್ದನ್ನೆಲ್ಲ ಡಿಸ್ಕ್ ಒಂದು ತಾತ್ಕಾಲಿಕ ಜಾಗಕ್ಕೆ ಸುರಿದುಕೊಳ್ಳುತ್ತದೆ. ಆ ಜಾಗ ತುಂಬಿತೋ, ಸೆಕೆಂಡಿಗೆ 150 ಎಂಬಿ ಓಡುತ್ತಿದ್ದದ್ದು ಹತ್ತಿಪ್ಪತ್ತು ಎಂಬಿಗೆ ಬಿದ್ದು ತೆವಳುತ್ತದೆ. ಹಲವು ಡಿಸ್ಕ್ ಸೇರಿಸಿ ಒಂದರಂತೆ ಓಡಿಸುವ ರೇಡ್ ಜೋಡಣೆಯಲ್ಲಿ ಹೀಗಾದರೆ ಡಿಸ್ಕ್ ಉತ್ತರಿಸುತ್ತಿಲ್ಲವೆಂದು ಕಂಟ್ರೋಲರ್ ಅದನ್ನು ಹೊರಗೆ ಹಾಕಿಬಿಡಬಹುದು.

2020ರ ಏಪ್ರಿಲ್‌ನಲ್ಲಿ ಈ ವಿಷಯ ದೊಡ್ಡ ಸುದ್ದಿಯಾಯಿತು. ನೆಟ್‌ವರ್ಕ್‌ಗೆ ಜೋಡಿಸಿ ಹಲವರು ಬಳಸುವ ನ್ಯಾಸ್ ಪೆಟ್ಟಿಗೆಗಳಿಗೆಂದೇ ಮಾರುತ್ತಿದ್ದ ವೆಸ್ಟರ್ನ್ ಡಿಜಿಟಲ್ ರೆಡ್ ಸಾಲಿನ 2ರಿಂದ 6 ಟಿಬಿ ವರೆಗಿನ ಕೆಲವು ಡಿಸ್ಕ್‌ಗಳು ಎಸ್‌ಎಂಆರ್ ಆಗಿದ್ದವು, ಆದರೆ ವಿವರಪಟ್ಟಿಯಲ್ಲಿ ಆ ಮಾತೇ ಇರಲಿಲ್ಲ. 4 ಟಿಬಿಯಲ್ಲಿ ಡಬ್ಲ್ಯೂಡಿ40ಇಎಫ್‌ಆರ್‌ಎಕ್ಸ್ ಸಿಎಂಆರ್, ಡಬ್ಲ್ಯೂಡಿ40ಇಎಫ್‌ಎಎಕ್ಸ್ ಎಸ್‌ಎಂಆರ್. ಹೊರಗಿನ ಲೇಬಲ್ ಅದೇ ಕೆಂಪು, ಬದಲಾದದ್ದು ಒಂದೇ ಅಕ್ಷರ. ಆಮೇಲೆ ಕಂಪನಿ ಸಿಎಂಆರ್ ಡಿಸ್ಕ್‌ಗಳಿಗೆ ರೆಡ್ ಪ್ಲಸ್ ಎಂಬ ಹೆಸರು ಕೊಟ್ಟು ಬೇರೆ ಮಾಡಿತು. ಮೂರೂ ಕಂಪನಿಗಳು ಈಗ ಯಾವ ಮಾದರಿ ಯಾವ ಬಗೆಯದೆಂದು ತಮ್ಮ ಜಾಲತಾಣದಲ್ಲಿ ಹೇಳುತ್ತವೆ. ಅಂಗಡಿಯಲ್ಲಿ ನಿಂತೇ ಲೇಬಲ್ಲಿನ ಸಂಖ್ಯೆ ನೋಡಿ, ಫೋನಿನಲ್ಲಿ ಹುಡುಕಿ, ಆಮೇಲೆ ದುಡ್ಡು ಕೊಡಿ.

ನೆನಪಿಡಬೇಕಾದ ಕೆಲವು: ಸೀಗೇಟ್ ಬ್ಯಾರಕುಡಾ 4 ಟಿಬಿಯ ಎಸ್‌ಟಿ4000ಡಿಎಂ004, 8 ಟಿಬಿಯ ಎಸ್‌ಟಿ8000ಡಿಎಂ004 ಎರಡೂ ಎಸ್‌ಎಂಆರ್. ತೋಶಿಬಾ ಪಿ300 ಸಾಲಿನ 4 ಮತ್ತು 6 ಟಿಬಿಯವೂ ಹಾಗೆಯೇ. ಸೀಗೇಟ್ ಐರನ್‌ವುಲ್ಫ್, ತೋಶಿಬಾ ಎನ್300, ವೆಸ್ಟರ್ನ್ ಡಿಜಿಟಲ್ ರೆಡ್ ಪ್ಲಸ್ ಸಿಎಂಆರ್. ಜೇಬಿಗೆ ಹಿಡಿಸುವ 4, 5 ಟಿಬಿ ಪೋರ್ಟಬಲ್ ಡಿಸ್ಕ್‌ಗಳು ಎಸ್‌ಎಂಆರ್ ಎಂದೇ ಎಣಿಸಿ ಮುಂದುವರಿಯಿರಿ.

ಹಾಗೆಂದು ಎಸ್‌ಎಂಆರ್ ಕೆಟ್ಟದ್ದಲ್ಲ. ಒಮ್ಮೆ ತುಂಬಿಸಿ ಬೀರುವಿನಲ್ಲಿ ಇಟ್ಟು, ಬೇಕಾದಾಗ ಓದುವ ಬ್ಯಾಕಪ್‌ಗೆ ಅದು ಸಾಕು. ಎಡಿಟಿಂಗ್ ಮಾಡುವ, ದಿನವೂ ಬರೆದು ಅಳಿಸುವ, ರೇಡ್‌ಗೆ ಹಾಕುವ ಡಿಸ್ಕ್ ಮಾತ್ರ ಸಿಎಂಆರ್ ಆಗಿರಲೇಬೇಕು. ಇದರಲ್ಲಿ ರಾಜಿ ಬೇಡ.

ಬಣ್ಣ, ವಾರಂಟಿ, ಕೆಲಸದ ಹೊರೆ

ಕಂಪ್ಯೂಟರ್‌ಗೆಂದು ಬರುವ ಅಗ್ಗದ ಸಾಲುಗಳಾದ ಬ್ಯಾರಕುಡಾ, ವೆಸ್ಟರ್ನ್ ಡಿಜಿಟಲ್ ಬ್ಲೂ, ಪಿ300ಗೆ ಸಾಮಾನ್ಯವಾಗಿ 2 ವರ್ಷ ವಾರಂಟಿ. ನ್ಯಾಸ್ ಸಾಲಿನ ಐರನ್‌ವುಲ್ಫ್, ರೆಡ್ ಪ್ಲಸ್, ಎನ್300ಗೆ 3 ವರ್ಷ. ಐರನ್‌ವುಲ್ಫ್ ಪ್ರೊ, ರೆಡ್ ಪ್ರೊ ಮತ್ತು ಡೇಟಾ ಸೆಂಟರ್‌ಗಳಿಗೆ ಹೋಗುವ ಎಕ್ಸಾಸ್, ಗೋಲ್ಡ್, ಅಲ್ಟ್ರಾಸ್ಟಾರ್, ತೋಶಿಬಾ ಎಂಜಿ ಸಾಲಿಗೆ 5 ವರ್ಷ.

ವಿವರಪಟ್ಟಿಯಲ್ಲಿ ವಾರಂಟಿಗಿಂತ ಮೇಲೆ ನೋಡಬೇಕಾದ ಅಂಕಿ ವರ್ಷದ ಕೆಲಸದ ಹೊರೆ. ಅಗ್ಗದ ಡೆಸ್ಕ್‌ಟಾಪ್ ಸಾಲಿಗೆ ವರ್ಷಕ್ಕೆ 55 ಟಿಬಿ, ನ್ಯಾಸ್ ಸಾಲಿಗೆ 180 ಟಿಬಿ, ಡೇಟಾ ಸೆಂಟರ್ ಸಾಲಿಗೆ 550 ಟಿಬಿ ಎಂದಿರುತ್ತದೆ. ಎಸ್‌ಎಸ್‌ಡಿಯಲ್ಲಿ ಬರೆದದ್ದನ್ನು ಮಾತ್ರ ಎಣಿಸಿದರೆ ಇಲ್ಲಿ ಓದಿದ್ದೂ ಲೆಕ್ಕಕ್ಕೆ ಬರುತ್ತದೆ. 8 ಟಿಬಿ ಡಿಸ್ಕನ್ನು ತಿಂಗಳಿಗೊಮ್ಮೆ ಪೂರ್ತಿ ಓದಿ ಪರೀಕ್ಷಿಸಿದರೆ ಅಷ್ಟಕ್ಕೇ ವರ್ಷಕ್ಕೆ 96 ಟಿಬಿ ಆಯಿತು.

"25 ಲಕ್ಷ ಗಂಟೆ ಎಂಟಿಬಿಎಫ್" (ಒಂದು ಕೆಡುವಿಕೆಯಿಂದ ಇನ್ನೊಂದಕ್ಕೆ ಸರಾಸರಿ ಹೊತ್ತು) ಎಂದು ಪೆಟ್ಟಿಗೆಯ ಮೇಲೆ ಕಂಡರೆ ಡಿಸ್ಕ್ 285 ವರ್ಷ ಬಾಳುತ್ತದೆಂದು ಓದಿಕೊಳ್ಳಬಾರದು. ಸಾವಿರ ಡಿಸ್ಕ್ ಓಡಿಸಿದರೆ ವರ್ಷಕ್ಕೆ ಮೂರೋ ನಾಲ್ಕೋ ಕೆಡಬಹುದು ಎಂಬ ಅಂದಾಜು ಅದು, ಶೇಕಡಾ 0.35. ನಿಜ ಜೀವನದ ಅಂಕಿ ಬೇಕಾದರೆ ಬ್ಯಾಕ್‌ಬ್ಲೇಜ್ ವರದಿ ನೋಡಿ. ಅಮೆರಿಕದ ಈ ಕ್ಲೌಡ್ ಬ್ಯಾಕಪ್ ಕಂಪನಿ ತನ್ನ ಲಕ್ಷಾಂತರ ಡಿಸ್ಕ್‌ಗಳಲ್ಲಿ ಯಾವ ಮಾದರಿಯವು ಎಷ್ಟು ಕೆಟ್ಟವೆಂದು ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. ಅವರಲ್ಲಿ ಎಲ್ಲ ಮಾದರಿ ಸೇರಿ ವರ್ಷದಲ್ಲಿ ಕೆಟ್ಟವು 2021ರಲ್ಲಿ ಶೇಕಡಾ 1.01, 2022ರಲ್ಲಿ 1.37, 2023ರಲ್ಲಿ 1.70, 2024ರಲ್ಲಿ 1.57. ಪೆಟ್ಟಿಗೆಯ ಅಂಕಿಗಿಂತ ಸುಮಾರು ಮೂರರಿಂದ ಐದು ಪಟ್ಟು.

ಆ ಪಟ್ಟಿ ಓದುವುದಕ್ಕೂ ಕ್ರಮವಿದೆ. ಅವರ ಬಳಿ ನೂರಿನ್ನೂರು ಡಿಸ್ಕ್ ಮಾತ್ರ ಇರುವ ಮಾದರಿಯ ಶೇಕಡಾವಾರನ್ನು ನಂಬಬೇಡಿ, ಒಂದೆರಡು ಕೆಟ್ಟರೂ ಅಂಕಿ ಜಿಗಿಯುತ್ತದೆ. ಹಲವು ಸಾವಿರ ಡಿಸ್ಕ್ ಇದ್ದು, ಎರಡು ಮೂರು ವರ್ಷ ಓಡಿದ ಮಾದರಿ ನೋಡಿ. ಕಂಪನಿ ಹೆಸರು ನೋಡಿ ಕೊಳ್ಳುವುದು ಯಾಕೆ ಸಾಲದು ಎಂಬುದಕ್ಕೆ ಅಲ್ಲೇ ಸಾಕ್ಷಿ ಇದೆ: ಸೀಗೇಟಿನ 3 ಟಿಬಿ ಎಸ್‌ಟಿ3000ಡಿಎಂ001 ಅವರಲ್ಲಿ ಸಾಲುಸಾಲಾಗಿ ಕೆಟ್ಟಿತು, ಅದೇ ಸೀಗೇಟಿನ 4 ಟಿಬಿ ಎಸ್‌ಟಿ4000ಡಿಎಂ000 ಸಾವಿರಾರು ಸಂಖ್ಯೆಯಲ್ಲಿ ವರ್ಷಗಟ್ಟಲೆ ದುಡಿಯಿತು.

ಇಷ್ಟೆಲ್ಲ ತೂಗಿ ಹೇಳಬೇಕಾದರೆ, 12 ಟಿಬಿ ಮತ್ತು ಅದಕ್ಕೂ ಮೇಲಿನದಕ್ಕೆ ಡೇಟಾ ಸೆಂಟರ್ ಸಾಲಿನ ಡಿಸ್ಕ್ ಮೊದಲ ಆಯ್ಕೆಯಾಗಲಿ. ಟಿಬಿಗೆ ಎಷ್ಟು ರೂಪಾಯಿ ಬಿತ್ತೆಂದು ಭಾಗಿಸಿ ನೋಡಿದರೆ ಅದು ನ್ಯಾಸ್ ಡಿಸ್ಕಿಗಿಂತ ಅಗ್ಗಕ್ಕೆ ಸಿಗುವುದೂ ಉಂಟು. ಮಲಗುವ ಕೋಣೆಯಲ್ಲಿ ಇಡುವಂತಿದ್ದರೆ ಮಾತ್ರ ಎರಡು ಸಲ ಯೋಚಿಸಿ, ಅವುಗಳ ಸದ್ದು ಜೋರು. 4ರಿಂದ 8 ಟಿಬಿಗೆ ನ್ಯಾಸ್ ಸಾಲಿನ ಸಿಎಂಆರ್ ಡಿಸ್ಕ್ ಹಿತ. ಸಿಸಿಟಿವಿಗೆಂದು ಬರುವ ಸ್ಕೈಹಾಕ್, ಪರ್ಪಲ್ ಡಿಸ್ಕ್‌ಗಳು ಹಗಲಿರುಳು ಒಂದೇ ಸಮನೆ ಬರೆಯಲು ಹದಗೊಳಿಸಿದವು. ಸ್ಟಾಕ್ ಇರುವುದು ಅದೇ ಎಂಬ ಒಂದೇ ಕಾರಣಕ್ಕೆ ಕಂಪ್ಯೂಟರ್‌ಗೆ ಒಯ್ಯಬೇಡಿ.

ನಿಮ್ಮ ಕಂಪ್ಯೂಟರ್‌ಗೆ ಹೊಂದುತ್ತದೆಯೇ

ಡೇಟಾ ಸೆಂಟರ್ ಡಿಸ್ಕ್ ಆರಿಸಿದವರು ಮೂರು ವಿಷಯ ನೋಡಿಕೊಳ್ಳಬೇಕು. ಒಂದೇ ಹೆಸರಿನ ಎಕ್ಸಾಸ್ ಮನೆಯ ಕಂಪ್ಯೂಟರಿನ ಸಾಟಾ ಜೋಡಣೆಯಲ್ಲೂ ಬರುತ್ತದೆ, ಸರ್ವರ್‌ಗಳ ಸ್ಯಾಸ್‌ನಲ್ಲೂ ಬರುತ್ತದೆ. ಸ್ಯಾಸ್ ಡಿಸ್ಕ್ ಮನೆಯ ಮದರ್‌ಬೋರ್ಡಿಗೆ ಕೂರುವುದಿಲ್ಲ. ಸಾಟಾ ಡಿಸ್ಕಿನಲ್ಲಿ ಡೇಟಾ ಮತ್ತು ಪವರ್ ಭಾಗಗಳ ನಡುವೆ ಕಚ್ಚು ಇರುತ್ತದೆ, ಸ್ಯಾಸ್‌ನಲ್ಲಿ ಆ ಜಾಗ ತುಂಬಿರುತ್ತದೆ. ಕಣ್ಣಿಗೇ ಕಾಣುತ್ತದೆ. ಎರಡನೆಯದು, ಸೆಕ್ಟರ್ (ಡಿಸ್ಕ್ ಮಾಹಿತಿ ಇಡುವ ಸಣ್ಣ ತುಣುಕು) ಬಗೆ 512ಇ ಇರಲಿ, ಅಂದರೆ ಕಂಪ್ಯೂಟರ್‌ಗೆ 512 ಬೈಟಿನ ತುಣುಕಾಗಿ ಕಾಣುವಂಥದ್ದು. ಬರೀ 4ಕೆಎನ್ (4096 ಬೈಟಿನ ತುಣುಕು ಮಾತ್ರ) ಎಂದಿದ್ದರೆ ಹಳೆಯ ಕಂಪ್ಯೂಟರ್‌ಗಳಲ್ಲಿ, ಕೆಲವು ಯುಎಸ್‌ಬಿ ಪೆಟ್ಟಿಗೆಗಳಲ್ಲಿ ತಕರಾರು ಬರುತ್ತದೆ.

ಮೂರನೆಯದು ಅನೇಕರನ್ನು ಅಂಗಡಿಗೆ ವಾಪಸ್ ಓಡಿಸಿದೆ. ಹೊಸ ಡಿಸ್ಕ್ ಹಾಕಿದರೆ ತಿರುಗುವುದೇ ಇಲ್ಲ, ಒಂದು ಸದ್ದೂ ಇಲ್ಲ. ಡಿಸ್ಕ್ ಸತ್ತಿದೆ ಎಂದುಕೊಳ್ಳುತ್ತಾರೆ. ಈ ಡಿಸ್ಕ್‌ಗಳಲ್ಲಿ ಕೆಲವಕ್ಕೆ ಸಾಟಾ ಪವರ್ ಕನೆಕ್ಟರಿನ ಮೂರನೇ ಪಿನ್‌ಗೆ 3.3 ವೋಲ್ಟ್ ಬಂದರೆ ಆಫ್ ಆಗಿರು ಎಂದರ್ಥ. ಹಳೆಯ ಪವರ್ ಸಪ್ಲೈಗಳು ಅದೇ ಪಿನ್‌ಗೆ ಸದಾ 3.3 ವೋಲ್ಟ್ ಕೊಡುತ್ತವೆ. ಡಿಸ್ಕಿನ ಪವರ್ ಭಾಗದ 15 ಪಿನ್‌ಗಳಲ್ಲಿ, ಡೇಟಾ ಕೇಬಲ್ ಕೂರುವ ಕಡೆಯಿಂದ ಎಣಿಸಿ ಮೂರನೆಯದರ ಮೇಲೆ ವಿದ್ಯುತ್ ಹರಿಯಗೊಡದ ತೆಳುವಾದ ಕ್ಯಾಪ್ಟಾನ್ ಟೇಪ್ ಅಂಟಿಸಿದರೆ ಡಿಸ್ಕ್ ಏಳುತ್ತದೆ. ಹಳೆಯ ನಾಲ್ಕು ಪಿನ್ನಿನ ಮೋಲೆಕ್ಸ್ ಪವರ್ ಕನೆಕ್ಟರಿನಿಂದ ಸಾಟಾಗೆ ಬದಲಿಸುವ ಕೇಬಲ್ ಹಾಕಿದರೂ ಆಗುತ್ತದೆ, ಅದರಲ್ಲಿ 3.3 ವೋಲ್ಟ್ ತಂತಿ ಇರುವುದಿಲ್ಲ. ಆದರೆ ಕನೆಕ್ಟರ್ ಪೂರ್ತಿ ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದಿರುವ ಅಗ್ಗದ ಕೇಬಲ್ ಮಾತ್ರ ಬೇಡ. ಒಳಗೆ ತಂತಿಗಳು ಒಂದಕ್ಕೊಂದು ತಾಗಿ ಹೊತ್ತಿಕೊಂಡ ಪ್ರಸಂಗಗಳಿವೆ. ತಂತಿಗಳನ್ನು ಒಂದೊಂದಾಗಿ ಒತ್ತಿ ಕೂರಿಸಿದ ಬಗೆಯದನ್ನು ತನ್ನಿ.

ಯುಎಸ್‌ಬಿ ಪೆಟ್ಟಿಗೆಯಲ್ಲಿ ಹಾಕುವವರು ಅಡಾಪ್ಟರ್ ನೋಡಿ. 3.5 ಇಂಚಿನ ಡಿಸ್ಕ್ ತಿರುಗಲು ಶುರುವಾಗುವ ಹೊತ್ತಿಗೆ 12 ವೋಲ್ಟ್‌ನಲ್ಲಿ ಸುಮಾರು 2 ಆಂಪ್ ಎಳೆಯುತ್ತದೆ. ವೈಫೈ ರೌಟರ್‌ನ 12 ವೋಲ್ಟ್ 1 ಆಂಪ್ ಅಡಾಪ್ಟರ್ ಹಾಕಿದರೆ ಎದ್ದು ಎದ್ದು ಬೀಳುತ್ತದೆ. ಲ್ಯಾಪ್‌ಟಾಪ್‌ನ 19 ವೋಲ್ಟ್ ಅಡಾಪ್ಟರಿನ ತುದಿ ಅದೇ ತೂತಿಗೆ ಹಿಡಿಸಿಬಿಟ್ಟರೆ ಡಿಸ್ಕಿನ ಸರ್ಕ್ಯೂಟ್ ಬೋರ್ಡೇ ಸುಡುತ್ತದೆ. ಅಡಾಪ್ಟರ್ ಮೇಲೆ ಡಿಸ್ಕಿನ ಹೆಸರು ಬರೆದು ಈಗಲೇ ಅಂಟಿಸಿ.

ಪೋರ್ಟಬಲ್ ಡಿಸ್ಕ್‌ಗಳ ವಿಷಯದಲ್ಲಿ ಇನ್ನೊಂದು ಎಚ್ಚರ. ಕೆಲವು ಸಾಲುಗಳಲ್ಲಿ ಯುಎಸ್‌ಬಿ ಕಿಂಡಿಯನ್ನು ಡಿಸ್ಕಿನ ಬೋರ್ಡಿಗೇ ಬೆಸೆದಿರುತ್ತಾರೆ, ಒಳಗೆ ಸಾಟಾ ಕನೆಕ್ಟರೇ ಇರುವುದಿಲ್ಲ. ಕೇಬಲ್ ಎಳೆದಾಡಿ ಆ ಕಿಂಡಿ ಕಿತ್ತರೆ ಡಿಸ್ಕ್ ಚೆನ್ನಾಗಿದ್ದರೂ ಮಾಹಿತಿ ತೆಗೆಯಲು ರಿಕವರಿ ಅಂಗಡಿಯೇ ಗತಿ.

ಅಂಗಡಿಯಲ್ಲಿ

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಕೊಂಡರೂ ಆನ್‌ಲೈನ್‌ನಲ್ಲಿ ತರಿಸಿದರೂ ಜಿಎಸ್‌ಟಿ ಬಿಲ್ ಬೇಕು, ಬಿಲ್ಲಿನಲ್ಲಿ ಸೀರಿಯಲ್ ಸಂಖ್ಯೆ ಇರಬೇಕು. ದುಡ್ಡು ಕೊಡುವ ಮೊದಲೇ ಆ ಸಂಖ್ಯೆಯನ್ನು ಕಂಪನಿಯ ವಾರಂಟಿ ಪುಟದಲ್ಲಿ ಹಾಕಿ, ವಾರಂಟಿ ಎಲ್ಲಿವರೆಗೆ ಇದೆ, ಭಾರತಕ್ಕೆ ಅನ್ವಯಿಸುತ್ತದೆಯೇ ನೋಡಿ. ಬೇರೆ ದೇಶಕ್ಕೆಂದು ಹೊರಟ ಸರಕು ಇಲ್ಲಿ ಅಗ್ಗಕ್ಕೆ ಸಿಗಬಹುದು, ಕೆಟ್ಟಾಗ ಇಲ್ಲಿನ ಸೇವಾ ಕೇಂದ್ರ ಅದನ್ನು ಮುಟ್ಟುವುದಿಲ್ಲ.

ಹೊಸದೆಂದು ಹಳೆಯದನ್ನು ಮಾರುವುದು ಈಚೆಗೆ ಹೆಚ್ಚಿದೆ. 2025ರ ಆರಂಭದಲ್ಲಿ ಜರ್ಮನಿಯ ಹೈಸೆ ಎಂಬ ತಂತ್ರಜ್ಞಾನ ಸುದ್ದಿಸಂಸ್ಥೆ ಇಂಥದ್ದೊಂದು ಜಾಲವನ್ನು ಬಯಲಿಗೆ ತಂದಿತು: ಸಾವಿರಾರು ಗಂಟೆ ಓಡಿದ ಸೀಗೇಟ್ ಎಕ್ಸಾಸ್ ಡಿಸ್ಕ್‌ಗಳ ಸ್ಮಾರ್ಟ್ ದಾಖಲೆ (ಡಿಸ್ಕ್ ತನ್ನ ಬಳಕೆ, ಆರೋಗ್ಯದ ಬಗ್ಗೆ ತಾನೇ ಬರೆದಿಡುವುದು) ಅಳಿಸಿ, ಸೊನ್ನೆ ಗಂಟೆ ಎಂದು ತೋರಿಸಿ ಮಾರಿದ್ದರು. ಸೀಗೇಟಿನಲ್ಲಿ ಇದನ್ನು ಹಿಡಿಯುವ ದಾರಿ ಫಾರ್ಮ್ ಎಂಬ ಇನ್ನೊಂದು ದಾಖಲೆ. ಸ್ಮಾರ್ಟ್‌ಮಾನ್‌ಟೂಲ್ಸ್ ಎಂಬ ತಂತ್ರಾಂಶದ 7.4 ಮತ್ತು ನಂತರದ ಆವೃತ್ತಿ ಅದನ್ನು ಓದುತ್ತದೆ. ಸ್ಮಾರ್ಟ್‌ನಲ್ಲಿ 2 ಗಂಟೆ, ಫಾರ್ಮ್‌ನಲ್ಲಿ 20,000 ಗಂಟೆ ಎಂದು ಬಂದರೆ ಆ ಕ್ಷಣವೇ ಹಿಂತಿರುಗಿಸಿ.

ಕಣ್ಣಿಗೂ ಕೆಲವು ಗುರುತು ಸಿಗುತ್ತವೆ. ಸಾಟಾ ಕಿಂಡಿಯ ಚಿನ್ನದ ಬಣ್ಣದ ಪಟ್ಟಿಗಳನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಕನೆಕ್ಟರ್ ಹಲವು ಸಲ ಒಳಹೊಕ್ಕು ಹೊರಬಂದಿದ್ದರೆ ಪ್ರತಿ ಪಟ್ಟಿಯ ಮೇಲೂ ಉದ್ದಕ್ಕೆ ಸಣ್ಣ ಗೆರೆ ಮೂಡಿರುತ್ತದೆ. ಸ್ಕ್ರೂ ತೂತಿನ ಬಾಯಿಯ ಬಣ್ಣ ಸವೆದು ಲೋಹ ಹೊಳೆಯುತ್ತಿದ್ದರೆ ಅದು ಯಾವುದೋ ಟ್ರೇಯಲ್ಲಿ ಕೂತು ಬಂದದ್ದು. ಲೇಬಲ್ಲಿನ ತಯಾರಿಕಾ ದಿನಾಂಕವನ್ನು ವಾರಂಟಿ ಮುಗಿಯುವ ದಿನಾಂಕದ ಜೊತೆ ಹೋಲಿಸಿ.

"16 ಟಿಬಿ ಪೋರ್ಟಬಲ್ ಎಸ್‌ಎಸ್‌ಡಿ" ಎಂದು ಎರಡು ಮೂರು ಸಾವಿರ ರೂಪಾಯಿಗೆ ಮಾರುವುದು ಪೂರ್ತಿ ಮೋಸ. ಒಳಗಿರುವುದು ಮೆಮೊರಿ ಕಾರ್ಡ್. ಅದರ ನಿಜವಾದ ಅಳತೆ ಮೀರಿ ತುಂಬಿದ್ದೆಲ್ಲ ಹೆಸರಿಗೆ ಮಾತ್ರ ಕಾಣುತ್ತದೆ, ತೆರೆಯುವುದಿಲ್ಲ.

ಮೊದಲ ವಾರದ ಪರೀಕ್ಷೆ

ಹಿಂತಿರುಗಿಸಲು ಸಾಮಾನ್ಯವಾಗಿ ಏಳೋ ಹತ್ತೋ ದಿನ ಕೊಡುತ್ತಾರೆ. ಹಾಗಾಗಿ ಬಂದ ದಿನವೇ ಶುರು ಮಾಡಿ. ಪರೀಕ್ಷೆ ಮುಗಿಯುವವರೆಗೆ ಒಂದು ಫೈಲನ್ನೂ ಅದರಲ್ಲಿ ಇಡಬೇಡಿ.

ಪೆಟ್ಟಿಗೆ ಬಂದ ತಕ್ಷಣ ವಿದ್ಯುತ್ ಕೊಡಬೇಡಿ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯಲ್ಲಿ, ತಂಪು ಜಾಗದಿಂದ ಬಂದ ಲೋಹದ ಮೇಲೆ ಹನಿ ಕಟ್ಟುತ್ತದೆ. ಕವರ್ ಬಿಚ್ಚದೆ ಎರಡು ಗಂಟೆ ಕೋಣೆಯಲ್ಲಿಡಿ. ಬಿಚ್ಚಿದ ಮೇಲೆ ಮೈ ನೋಡಿ. ಗಾಳಿ ತುಂಬಿದ ಡಿಸ್ಕಿನಲ್ಲಿ ಒಂದು ಪುಟ್ಟ ಉಸಿರಾಟದ ತೂತು, ಪಕ್ಕದಲ್ಲಿ ಇದನ್ನು ಮುಚ್ಚಬೇಡಿ ಎಂಬ ಬರಹ ಇರುತ್ತದೆ. ಹೀಲಿಯಂ ತುಂಬಿದ ದೊಡ್ಡ ಡಿಸ್ಕಿನಲ್ಲಿ ಅದಿರುವುದಿಲ್ಲ, ಮುಚ್ಚಳದ ಅಂಚನ್ನು ಲೇಸರ್‌ನಿಂದ ಬೆಸೆದು ಮುಚ್ಚಿರುತ್ತಾರೆ. ಹೀಲಿಯಂ ಗಾಳಿಗಿಂತ ಏಳು ಪಟ್ಟು ಹಗುರ. ಒಳಗಿನ ತಟ್ಟೆಗಳಿಗೆ ತಡೆ ಕಡಿಮೆಯಾಗಿ ಅದುರಾಟ, ಬಿಸಿ ಎರಡೂ ಇಳಿಯುತ್ತವೆ. ನಿಮಿಷಕ್ಕೆ 7200 ಸುತ್ತಿನ ಡಿಸ್ಕಿನ ಹೊರ ಅಂಚು ಗಂಟೆಗೆ ಸುಮಾರು 130 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ, ಓದುವ ಹೆಡ್ ಅದರ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಓಡುತ್ತಿರುವ ಡಿಸ್ಕನ್ನು ಮೇಜಿನ ಮೇಲೆ ಸರಿಸುವುದು, ನಿಲ್ಲಿಸಿದ್ದನ್ನು ಮಲಗಿಸುವುದು ಯಾಕೆ ಕೂಡದೆಂದು ಇಷ್ಟರಿಂದಲೇ ತಿಳಿಯಬಹುದು.

ಆದಷ್ಟೂ ಸಾಟಾ ಕೇಬಲ್‌ನಿಂದ ನೇರವಾಗಿ ಜೋಡಿಸಿ. ಯುಎಸ್‌ಬಿ ಪೆಟ್ಟಿಗೆಗಳು ಕೆಲಸವಿಲ್ಲವೆಂದು ಡಿಸ್ಕನ್ನು ಮಲಗಿಸಿಬಿಡುತ್ತವೆ, ಆಗ ಪರೀಕ್ಷೆ ನಡುವಲ್ಲೇ ನಿಲ್ಲುತ್ತದೆ. ವಿಂಡೋಸ್ ಪವರ್ ಆಯ್ಕೆಗಳಲ್ಲಿ ಸ್ಲೀಪ್ ಮತ್ತು ಹಾರ್ಡ್ ಡಿಸ್ಕ್ ಆಫ್ ಮಾಡುವುದು ಎರಡನ್ನೂ ನೆವರ್‌ಗೆ ಇಡಿ. ಡಿಸ್ಕ್ ಮ್ಯಾನೇಜ್‌ಮೆಂಟ್ ಡಿಸ್ಕಿನ ವಿಭಾಗಗಳ ಪಟ್ಟಿಗೆ ಎಂಬಿಆರ್ ಬೇಕೋ ಜಿಪಿಟಿ ಬೇಕೋ ಎಂದು ಕೇಳಿದರೆ ಜಿಪಿಟಿ ಆರಿಸಿ. ಎಂಬಿಆರ್ ಆರಿಸಿದರೆ 2 ಟಿಬಿ ದಾಟಿದ ಜಾಗವೆಲ್ಲ ಕೈಗೆ ಸಿಗದೆ ಉಳಿಯುತ್ತದೆ.

ಸ್ಮಾರ್ಟ್ ದಾಖಲೆ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ತಂತ್ರಾಂಶ ತೆರೆಯಿರಿ. ಅಲ್ಲಿ ಕಚ್ಚಾ ಅಂಕಿಗಳು ಹದಿನಾರರ ಎಣಿಕೆಯಲ್ಲಿರುತ್ತವೆ, ಫಂಕ್ಷನ್ ಮೆನುವಿನ ಅಡ್ವಾನ್ಸ್‌ಡ್ ಫೀಚರ್ ಒಳಗೆ ರಾ ವ್ಯಾಲ್ಯೂಸ್‌ಗೆ ಹೋಗಿ ಹತ್ತರ ಎಣಿಕೆಗೆ ಬದಲಿಸಿ. ಪವರ್ ಆನ್ ಅವರ್ಸ್ ಸೊನ್ನೆ ಅಥವಾ ಒಂದೆರಡು ಇರಬೇಕು. 05, ಸಿ5, ಸಿ6 ಈ ಮೂರು ಸಾಲು ಸೊನ್ನೆಯೇ ಇರಬೇಕು. 05 ಎಂದರೆ ಕೆಟ್ಟುಹೋಗಿ ಬದಲಿ ಜಾಗ ಕೊಟ್ಟ ಸೆಕ್ಟರ್‌ಗಳು, ಸಿ5 ಎಂದರೆ ಓದಲಾಗದೆ ತೀರ್ಮಾನಕ್ಕೆ ಕಾದಿರುವವು, ಸಿ6 ಸರಿಪಡಿಸಲು ಆಗದವು. ಸಿ7 ಏರುತ್ತಿದ್ದರೆ ಡಿಸ್ಕನ್ನು ದೂರುವ ಮೊದಲು ಸಾಟಾ ಕೇಬಲ್ ಬದಲಿಸಿ. ಸೀಗೇಟ್ ಡಿಸ್ಕ್‌ಗಳಲ್ಲಿ 01 ಮತ್ತು 07ರ ಸಾಲಿನಲ್ಲಿ ಕೋಟಿಗಟ್ಟಲೆ ಸಂಖ್ಯೆ ಕಾಣುತ್ತದೆ. ಅದು ತಪ್ಪುಗಳ ಎಣಿಕೆಯಲ್ಲ, ಆ ಕಂಪನಿ ಅಂಕಿ ಬರೆದಿಡುವ ಕ್ರಮವೇ ಹಾಗೆ.

ಈ ಪುಟದ ಚಿತ್ರ ತೆಗೆದಿಟ್ಟುಕೊಂಡು ಜಿಸ್ಮಾರ್ಟ್‌ಕಂಟ್ರೋಲ್ ಅಥವಾ ಸೀಟೂಲ್ಸ್ ತಂತ್ರಾಂಶದಲ್ಲಿ ಮೊದಲು ಶಾರ್ಟ್ ಟೆಸ್ಟ್ ನಡೆಸಿ. ಒಂದೆರಡು ನಿಮಿಷದ ಕೆಲಸ. ಪಾಸಾದರೆ ಎಕ್ಸ್‌ಟೆಂಡೆಡ್ ಟೆಸ್ಟ್ ಹಾಕಿ. 8 ಟಿಬಿಗೆ ಹನ್ನೆರಡರಿಂದ ಹದಿನೈದು ಗಂಟೆ, 16 ಟಿಬಿಗೆ ಒಂದು ಹಗಲು ಒಂದು ರಾತ್ರಿ ಹಿಡಿಯುತ್ತದೆ. ಅದು ಓದುವ ಪರೀಕ್ಷೆ. ಬರೆಯುವ ಪರೀಕ್ಷೆಗೆ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್ ಮಾಡುವಾಗ ಕ್ವಿಕ್ ಫಾರ್ಮ್ಯಾಟ್ ಎದುರಿನ ಗುರುತು ತೆಗೆಯಿರಿ, ಆಗ ವಿಂಡೋಸ್ ಡಿಸ್ಕಿನ ತುಂಬ ಸೊನ್ನೆ ಬರೆಯುತ್ತದೆ. ಇದಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಇನ್ನೂ ಗಟ್ಟಿ ಬೇಕೆಂದರೆ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶ ಇಡೀ ಜಾಗ ತುಂಬಿ, ಬರೆದದ್ದನ್ನು ಮತ್ತೆ ಓದಿ ತಾಳೆ ನೋಡುತ್ತದೆ. ಎಲ್ಲ ಸೇರಿ 16 ಟಿಬಿಗೆ ನಾಲ್ಕು ದಿನ ಇಟ್ಟುಕೊಳ್ಳಿ.

ನಡುವೆ ಕರೆಂಟ್ ಹೋದರೆ ಎಲ್ಲ ಮೊದಲಿನಿಂದ. ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ, ಆಮೇಲೂ ಆ ಡಿಸ್ಕನ್ನು ಯುಪಿಎಸ್ ಇಲ್ಲದೆ ಓಡಿಸಬೇಡಿ.

ಮುಗಿದ ಮೇಲೆ ಅದೇ ಪುಟ ತೆರೆದು ಮೊದಲಿನ ಚಿತ್ರದೊಂದಿಗೆ ಹೋಲಿಸಿ. 05, ಸಿ5, ಸಿ6ರಲ್ಲಿ ಒಂದೇ ಒಂದು ಬಂದಿದ್ದರೂ ಬದಲಿಸಿಕೊಳ್ಳಿ. ಇನ್ನೂ ಓಡುತ್ತಿದೆಯಲ್ಲ, ನೋಡೋಣ ಎಂಬ ಮಾತಿಗೆ ಒಪ್ಪಬೇಡಿ. ಹೊಸ ಡಿಸ್ಕಿನಲ್ಲಿ ಮೊದಲ ವಾರವೇ ಸೆಕ್ಟರ್ ಕೆಟ್ಟರೆ ಅದು ಬೆಳೆಯುವ ಹುಣ್ಣು. ಸದ್ದಿನ ಬಗ್ಗೆ ಒಂದು ಮಾತು: ವೆಸ್ಟರ್ನ್ ಡಿಜಿಟಲ್‌ನ ದೊಡ್ಡ ಹೀಲಿಯಂ ಡಿಸ್ಕ್‌ಗಳು ಸುಮ್ಮನಿದ್ದಾಗಲೂ ಐದು ಸೆಕೆಂಡಿಗೊಮ್ಮೆ ಟಕ್ ಎನ್ನುತ್ತವೆ. ಹೆಡ್ ಒಂದೇ ಕಡೆ ನಿಂತು ಸವೆಯದಿರಲೆಂದು ಮಾಡಿರುವ ಏರ್ಪಾಡು ಅದು. ಟಕ್ ಟಕ್ ಟಕ್ ಎಂದು ಒಂದೇ ಲಯದಲ್ಲಿ ಬಡಿದು ಡಿಸ್ಕ್ ಕಾಣೆಯಾದರೆ ಮಾತ್ರ ಅಪಾಯ.

ಬಳಕೆಗೆ ಬಂದ ಮೇಲೆ

ಉಷ್ಣತೆ 30ರಿಂದ 45 ಡಿಗ್ರಿಯೊಳಗೆ ಇರಲಿ. ಏಪ್ರಿಲ್ ಬಿಸಿಲಿನಲ್ಲಿ 50 ದಾಟಿದರೆ ಡಿಸ್ಕಿನ ಮುಂದೆ 120 ಮಿಲಿಮೀಟರ್ ಫ್ಯಾನ್ ಒಂದು ಸಾಕು. ತಿಂಗಳಿಗೊಮ್ಮೆ ಆ ಮೂರು ಸಾಲು ನೋಡಿ. ಬೀರುವಿನಲ್ಲಿಟ್ಟ ಬ್ಯಾಕಪ್ ಡಿಸ್ಕನ್ನು ಆರು ತಿಂಗಳಿಗೊಮ್ಮೆಯಾದರೂ ಓಡಿಸಿ, ನಾಲ್ಕಾರು ಫೈಲ್ ತೆರೆದು ನೋಡಿ. ರೇಡ್ ಇದೆಯಲ್ಲ ಎಂದು ಬ್ಯಾಕಪ್ ಬಿಡಬೇಡಿ. ತಪ್ಪಿ ಅಳಿಸಿದ್ದನ್ನು ರೇಡ್ ಎರಡೂ ಡಿಸ್ಕಿನಿಂದ ಒಟ್ಟಿಗೇ ಅಳಿಸುತ್ತದೆ. ಮಾಲು ಮೂರು ಕಡೆ ಇರಲಿ, ಅದರಲ್ಲಿ ಒಂದು ಬೇರೆ ಮನೆಯಲ್ಲಿರಲಿ.

ಸಿ5 ಏರತೊಡಗಿದರೆ ಡಿಸ್ಕಿನ ತಪ್ಪು ತಿದ್ದುವ ವಿಂಡೋಸ್‌ನ ಚೆಕ್‌ಡಿಸ್ಕ್ ಓಡಿಸಬೇಡಿ. ಅದು ಡಿಸ್ಕಿನ ಉದ್ದಗಲ ಅಲೆದು, ಉಳಿದ ಜೀವವನ್ನೂ ಹೀರಿ, ಕೆಲವೊಮ್ಮೆ ಫೈಲ್‌ಗಳ ದಾಖಲೆಯನ್ನೇ ಕತ್ತರಿಸಿಹಾಕುತ್ತದೆ. ಮತ್ತೆ ಸಿಗದ ಫೈಲ್‌ಗಳನ್ನು ಮೊದಲು ಕಾಪಿ ಮಾಡಿ, ಆಮೇಲೆ ಉಳಿದದ್ದು. ಲಿನಕ್ಸ್ ಗೊತ್ತಿದ್ದವರು ಡಿಡಿರೆಸ್ಕ್ಯೂ ಬಳಸಲಿ, ಅದು ಕೆಟ್ಟ ಜಾಗ ಬಿಟ್ಟು ಮುಂದೆ ಹೋಗಿ ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ತೆಗೆದುಕೊಳ್ಳುತ್ತದೆ. ಬಡಿಯುವ ಸದ್ದು ಶುರುವಾಗಿದ್ದರೆ ಆಗಲೇ ಆಫ್ ಮಾಡಿ, ಇನ್ನೊಂದು ಸಲ ಹಾಕಿ ನೋಡುವ ಆಸೆ ಬೇಡ.

ವಾರಂಟಿಯಲ್ಲಿ ಬರುವುದು ಬದಲಿ ಡಿಸ್ಕ್, ಮಾಹಿತಿ ಬರುವುದಿಲ್ಲ. ಬದಲಿಯಾಗಿ ಬರುವುದೂ ಅನೇಕ ಸಲ ದುರಸ್ತಿಯಾದ ಡಿಸ್ಕೇ ಆಗಿರುತ್ತದೆ, ಲೇಬಲ್ಲಿನಲ್ಲಿ ಹಾಗೆಂದು ಬರೆದಿರುತ್ತದೆ. ಅದಕ್ಕೂ ಮೇಲಿನ ಪರೀಕ್ಷೆ ಪೂರ್ತಿ ಮಾಡಿ. ಕಳಿಸುವ ಮೊದಲು ಡಿಸ್ಕ್ ಇನ್ನೂ ಓಡುತ್ತಿದ್ದರೆ ಪೂರ್ತಿ ಫಾರ್ಮ್ಯಾಟ್ ಮಾಡಿ ನಿಮ್ಮ ಫೈಲ್ ಅಳಿಸಿ. ಸ್ಥಾಯೀ ವಿದ್ಯುತ್ ತಡೆಯುವ ಆ ಬೂದು ಕವರಿನಲ್ಲಿ ಹಾಕಿ, ಸುತ್ತ ಎಲ್ಲ ಕಡೆ ಎರಡು ಇಂಚು ಫೋಮ್ ಕೊಟ್ಟು, ಡಿಸ್ಕ್ ಒಳಗೆ ಅಲುಗದಂತೆ ಗಟ್ಟಿ ಪೆಟ್ಟಿಗೆಯಲ್ಲಿಡಿ. ಪ್ಯಾಕಿಂಗ್ ಸರಿಯಿಲ್ಲವೆಂದು ವಾರಂಟಿ ನಿರಾಕರಿಸುವುದಕ್ಕೆ ಅವಕಾಶ ಇರುತ್ತದೆ, ಆದ್ದರಿಂದ ಮುಚ್ಚುವ ಮೊದಲು ಸೀರಿಯಲ್ ಸಂಖ್ಯೆ ಕಾಣುವಂತೆ ನಾಲ್ಕೂ ಬದಿಯ ಫೋಟೊ ತೆಗೆದು, ಬಿಲ್ಲಿನ ಜೊತೆ ಒಂದೇ ಫೋಲ್ಡರ್‌ನಲ್ಲಿ ಇಟ್ಟುಕೊಳ್ಳಿ.